ಬಲ್ಮಠದಿಂದ ಹೊರಟ ಖಾಕಿ ಚಡ್ಡಿ

ಆಂಧ್ರದ ಗಡಿಯಲ್ಲಿರುವ ಹೇಮಾವತಿ ಎಂಬ ಊರಿನ ಶಾಲೆಗೆ ಹೋಗುತ್ತಿದ್ದ ಹುಡುಗನ ಖಾಕಿ ಚಡ್ಡಿ ಎಲ್ಲಿಂದ ಬಂತು ಎಂದು ಜಾಡು ಹಿಡಿದು ಹೊರಟರೆ, ಅದು ಮಡಕಶಿರಾ ಸೀಮೆ ದಾಟಿ, ಶಿರಾ ದಾಟಿ, ಘಟ್ಟ ಇಳಿದು ಮಂಗಳೂರಿನ ಬಲ್ಮಠದ ಗುಡ್ಡಕ್ಕೆ ಹೋಗಿ ಮುಟ್ಟುತ್ತದೆ. ಅಲ್ಲೊಂದು ಮಗ್ಗದ ಮನೆಯಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಮತಾಂತರದಿಂದ ಕುಲಕಸುಬನ್ನೂ ನೆಂಟರಿಷ್ಟರನ್ನೂ ಕಳೆದುಕೊಂಡವರಿಗೆ ಒಂದು ದುಡಿಮೆ ಬೇಕೆಂದು ನೇಯ್ಗೆ ಶುರುಮಾಡಿತ್ತು. 1851ರಲ್ಲಿ ಜಾನ್ ಹಾಲರ್ ಎಂಬ ನೇಕಾರ ಯುರೋಪಿನಿಂದ ಅಲ್ಲಿಗೆ ಬಂದ. ಸುಧಾರಿಸಿದ ಮಗ್ಗ ಹೂಡಿದ, ಬಣ್ಣದ ಮನೆ ಕಟ್ಟಿದ, ಊರಿನ ಸೊಪ್ಪು, ಬೇರು, ತೊಗಟೆಗಳನ್ನೆಲ್ಲ ಕುದಿಸಿ ನೋಡಿದ. ಕರಿಗೇರಿನ ಜಾತಿಯ ಮರದ ತೊಗಟೆಯಿಂದ ಅವನು ತೆಗೆದ ಮಣ್ಣಿನ ಬಣ್ಣವೇ ಖಾಕಿ ಎಂದು ಮಿಷನ್ನಿನ ಕುರಿತ ಬರಹಗಳು ಹೇಳುತ್ತವೆ.

ಇಲ್ಲಿಂದ ಜಗಳ ಶುರು. ಇಂಗ್ಲಿಷರ ಸೈನ್ಯದ ಚರಿತ್ರೆ ಹಾಲರನ ಹೆಸರೆತ್ತುವುದೇ ಅಪರೂಪ. ಅದರ ಪ್ರಕಾರ ಖಾಕಿ ಹುಟ್ಟಿದ್ದು 1846ರಿಂದ 1848ರ ನಡುವೆ, ಪೇಶಾವರದ ಸೀಮೆಯಲ್ಲಿ. ಅಲ್ಲಿ ಹ್ಯಾರಿ ಲಮ್ಸ್‌ಡೆನ್ ಎಂಬ ಅಧಿಕಾರಿ ತನ್ನ ಗೈಡ್ಸ್ ದಳಕ್ಕೆ ಕೆಂಪು ಕೋಟಿನ ಬದಲು ಮಣ್ಣಿನ ಬಣ್ಣದ ಉಡುಪು ತೊಡಿಸಿದ. ತಾರೀಖು ನೋಡಿದರೆ ಲಮ್ಸ್‌ಡೆನ್‌ನೇ ಮೊದಲು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಿಪಾಯಿಯ ಮೈಗೆ ಮಣ್ಣಿನ ಬಣ್ಣ ಬಳಿಯುವುದು ಒಂದು ಕೆಲಸ, ಒಗೆತಕ್ಕೆ ನಿಲ್ಲುವ ಬಟ್ಟೆಯನ್ನು ನೇಯ್ದು, ಬಣ್ಣ ಕಟ್ಟಿ, ಥಾನುಗಟ್ಟಲೆ ಮಾರುವುದು ಇನ್ನೊಂದು ಕೆಲಸ. ಮೊದಲನೆಯದರ ಹಿರಿಮೆ ಪೇಶಾವರಕ್ಕಿರಲಿ, ಎರಡನೆಯದರಲ್ಲಿ ಬಲ್ಮಠದ ನೇಕಾರರಿಗೆ ದೊಡ್ಡ ಪಾಲು ಸಲ್ಲಬೇಕು. ಕೆನರಾ ಜಿಲ್ಲೆಯ ಪೊಲೀಸರು ಮಿಷನ್ನಿನ ಖಾಕಿ ತೊಟ್ಟರು ಎಂದೂ, ಮುಂದೆ ಹಿಂದೂಸ್ತಾನದ ದಂಡನಾಯಕನಾದ ಲಾರ್ಡ್ ರಾಬರ್ಟ್ಸ್ ಅದನ್ನು ಕಣ್ಣಾರೆ ನೋಡಿ ಮೆಚ್ಚಿಕೊಂಡ ಎಂದೂ ಮಂಗಳೂರಿನಲ್ಲಿ ಇಂದಿಗೂ ಹೇಳುತ್ತಾರೆ. ರಾಬರ್ಟ್ಸ್ 1881ರಿಂದ 1885ರವರೆಗೆ ಮದ್ರಾಸಿನ ಸೈನ್ಯಕ್ಕೆ ಮುಖ್ಯಸ್ಥನಾಗಿದ್ದ. ಹಾಗಾಗಿ ಕತೆ ನಂಬುವಂಥದ್ದೇ. ಹಾಲರನ ಜೊತೆ ಕೂತು ತೊಗಟೆ ಕುದಿಸಿದ ತುಳುನಾಡಿನ ಕೈಗಳ ಹೆಸರು ಮಾತ್ರ ಈ ಕತೆಯಲ್ಲಿ ಬರುವುದಿಲ್ಲ. ಪೇಶಾವರ ಮೊದಲೋ ಮಂಗಳೂರು ಮೊದಲೋ ಎನ್ನುವುದಕ್ಕಿಂತ ಈ ಮರೆವೇ ನನಗೆ ಹೆಚ್ಚು ನೋವಿನ ಸಂಗತಿ.

ಮುಂದಿನದು ಬೇಗ ನಡೆಯಿತು. 1884ರಲ್ಲಿ ಇಂಗ್ಲೆಂಡಿನ ಆಕ್ರಿಂಗ್ಟನ್ನಿನ ಫ್ರೆಡರಿಕ್ ಗ್ಯಾಟಿ ಖನಿಜದ ಖಾಕಿಗೆ ಪೇಟೆಂಟ್ ಪಡೆದ. ಕಬ್ಬಿಣ ಮತ್ತು ಕ್ರೋಮಿಯಂ ಲವಣಗಳು ನೂಲಿನೊಳಗೇ ಕಚ್ಚಿ ಕೂರುತ್ತಿದ್ದವು. ತೊಗಟೆಯ ಬಣ್ಣಗಳ ಕಾಲ ಅಲ್ಲಿಗೆ ಮುಗಿಯಿತು. ಮದ್ರಾಸಿನ ಪೆರಂಬೂರಿನಲ್ಲಿ ಬಿನ್ನಿ ಕಂಪನಿಯವರ ಬಕಿಂಗ್‌ಹ್ಯಾಂ ಮಿಲ್ಲು 1876ರಲ್ಲೂ ಕರ್ನಾಟಿಕ್ ಮಿಲ್ಲು 1881ರಲ್ಲೂ ಶುರುವಾಗಿದ್ದವು. 1920ರಲ್ಲಿ ಎರಡೂ ಒಂದಾಗಿ ಬಿ ಅಂಡ್ ಸಿ ಮಿಲ್ಸ್ ಆಯಿತು. ಅಲ್ಲಿಯ ಖಾಕಿ ಡ್ರಿಲ್ ಬಟ್ಟೆಯನ್ನು ಸೈನ್ಯ ತೊಟ್ಟಿತು, ಪೊಲೀಸರು ತೊಟ್ಟರು, ಕೊನೆಗೆ ಮಕ್ಕಳೂ ತೊಟ್ಟರು.

ಸೈನ್ಯದ ಬಟ್ಟೆ ಮಕ್ಕಳ ಸೊಂಟಕ್ಕೆ ಬಂದದ್ದು ಸ್ಕೌಟಿನ ಕೈ ಹಿಡಿದು. 1909ರಲ್ಲಿ ಬೆಂಗಳೂರಿನಲ್ಲಿ ಕ್ಯಾಪ್ಟನ್ ಬೇಕರ್ ಕಟ್ಟಿದ ದಳ ದೇಶದಲ್ಲೇ ಮೊದಲನೆಯದು. ಅದರೊಳಗೆ ನಮ್ಮ ಮಕ್ಕಳಿಗೆ ಜಾಗವಿರಲಿಲ್ಲ. ಆ ಅವಮಾನಕ್ಕೆ ಉತ್ತರವಾಗಿ 1916ರಲ್ಲಿ ಆನಿ ಬೆಸೆಂಟ್ ಮದ್ರಾಸಿನಲ್ಲಿ ಭಾರತೀಯ ಬಾಲಕರಿಗಾಗಿಯೇ ಸ್ಕೌಟ್ ಸಂಘ ತೆರೆದರು. ಬರಬರುತ್ತ ಡ್ರಿಲ್ ಮೇಷ್ಟ್ರು, ಕವಾಯತು, ಸೀಟಿ, ಖಾಕಿ ಚಡ್ಡಿ ಎಲ್ಲವೂ ಶಾಲೆಯ ಅಂಗಳದಲ್ಲಿ ಒಟ್ಟಿಗೇ ಕಾಣಿಸಿಕೊಂಡವು. ಹಳ್ಳಿಯವರು ಖಾಕಿಯನ್ನು ಒಪ್ಪಿದ್ದು ಶಿಸ್ತಿನ ಮೇಲಿನ ಪ್ರೀತಿಯಿಂದಲ್ಲ. ಕೆಮ್ಮಣ್ಣಿನ ಊರಲ್ಲಿ ಕೊಳೆ ಕಾಣದ ಬಟ್ಟೆ ಅದೊಂದೇ. ಬಂಡೆಯ ಮೇಲೆ ಜಾರಿದರೂ, ಹುಣಸೇಮರ ಹತ್ತಿದರೂ, ಚೌಳುಮಣ್ಣು ಹಾಕಿ ಕಲ್ಲಿಗೆ ಬಡಿದರೂ ಬಾಳಿಕೆ ಬರುತ್ತಿದ್ದುದೂ ಅದೊಂದೇ.

ಹೇಮಾವತಿ ಎಂಥ ಊರು ಎಂಬುದನ್ನು ಇಲ್ಲಿ ಹೇಳಲೇಬೇಕು. ನೊಳಂಬರ ರಾಜಧಾನಿ ಹೆಂಜೇರು ಇದೇ. ಸಾವಿರ ವರ್ಷದ ಹಿಂದಿನ ಕನ್ನಡ ಶಾಸನಗಳು ಇಲ್ಲಿವೆ, ಸಿದ್ಧೇಶ್ವರ ಮತ್ತು ದೊಡ್ಡೇಶ್ವರ ಗುಡಿಗಳಿವೆ. ಮಡಕಶಿರಾ ಸೀಮೆ ಮೊದಲು ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿತು. ಅನಂತಪುರ ಜಿಲ್ಲೆಯಾಗಿದ್ದದ್ದು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಾಗಿದೆ. ಸರ್ಕಾರ ಯಾವುದಾದರೂ ಮನೆಮಾತು ಕನ್ನಡವೇ. ಶಿರಾ ಪೇಟೆಯ ಜವಳಿ ಅಂಗಡಿಯೂ ನಂಟರ ಮನೆಯೂ ಗಡಿಯ ಆಚೆಗೇ. ಬಟ್ಟೆ ತರುವ ಕಾಲವನ್ನು ನಿರ್ಧರಿಸುತ್ತಿದ್ದದ್ದು ಕಡಲೆಕಾಯಿ. ಮಳೆ ಕೈಕೊಡದೆ ಬೆಳೆ ಬಂದರೆ ಅಂಗಡಿಯ ಉದ್ರಿ ತೀರುತ್ತಿತ್ತು, ಯುಗಾದಿಗೆ ಹೊಸ ಅಂಗಿ ಚಡ್ಡಿ ಬರುತ್ತಿತ್ತು. ಮಳೆ ಹೋದ ವರ್ಷ ಅಣ್ಣನ ಚಡ್ಡಿಯೇ ತಮ್ಮನಿಗೆ. ಹಿಪ್ಪುನೇರಳೆ ಬೆಳೆದು, ಗೂಡನ್ನು ಹಿಂದೂಪುರದ ಮಾರುಕಟ್ಟೆಗೆ ಹಾಕುತ್ತಿದ್ದ ಮನೆಗಳ ಮಕ್ಕಳು ಕೂಡ ರೇಷ್ಮೆ ಉಟ್ಟವರಲ್ಲ.

ಬಟ್ಟೆ ಮನೆಗೆ ಬಂದ ಮೇಲೆ ಟೈಲರ್ ಕೆಲಸ. ಜಗುಲಿಯ ಮೇಲೆ ಒಂದು ಹೊಲಿಗೆ ಮಿಶಿನ್ನು, ಕೊರಳಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಅಳತೆ ಕೊಡುವಾಗ ಪ್ರತಿ ತಾಯಿಯೂ ಹೇಳುತ್ತಿದ್ದದ್ದು ಒಂದೇ ಮಾತು: “ಬೆಳೆಯೋ ಹುಡುಗ ಕಣಣ್ಣಾ, ವಸಿ ದೊಡ್ಡದಾಗೇ ಹೊಲಿ.” ಟೈಲರಣ್ಣ ಕಾಲಿನ ಅಂಚಿನಲ್ಲಿ ಎರಡು ಬೆರಳು ಬಟ್ಟೆ ಒಳಕ್ಕೆ ಮಡಿಸುತ್ತಿದ್ದ, ಹಿಂಭಾಗದ ಹೊಲಿಗೆಯಲ್ಲೂ ಬಿಚ್ಚಿ ಅಗಲಿಸಲು ಬಟ್ಟೆ ಬಿಡುತ್ತಿದ್ದ. ಮೊದಲ ವರ್ಷ ಚಡ್ಡಿ ಮೊಣಕಾಲು ಮುಚ್ಚುತ್ತಿತ್ತು, ಉಡಿದಾರ ಬಿಗಿದು ನಿಲ್ಲಿಸಬೇಕಿತ್ತು. ಎರಡನೆಯ ವರ್ಷ ಸರಿಯಾಗುತ್ತಿತ್ತು. ಮೂರನೆಯ ವರ್ಷ ಕೂರುವ ಜಾಗದಲ್ಲಿ ಎರಡು ತೇಪೆ ಬೀಳುತ್ತಿದ್ದವು. ಜೇಬಿನ ತಳ ಮಾತ್ರ ಮೊದಲೇ ಹರಿದಿರುತ್ತಿತ್ತು, ಅದರಲ್ಲಿ ಸದಾ ಕಡಲೆಕಾಯಿ, ಗೋಲಿ, ಬಳಪದ ಚೂರು.

ಹೆಣ್ಣುಮಕ್ಕಳ ಲಂಗದಲ್ಲಿ ಈ ಜಾಣತನ ಇನ್ನೂ ಒಂದು ಹೆಜ್ಜೆ ಮುಂದೆ. ಅಮ್ಮನ ಸೀರೆಯ ಮಡಿಲಭಾಗ ಸವೆದರೆ ಗಟ್ಟಿ ಉಳಿದ ಸೆರಗಿನ ಕಡೆಯಿಂದ ಲಂಗ, ಮಿಕ್ಕಿದ್ದರಲ್ಲಿ ಜಂಪರ್. ಲಂಗದ ಕೆಳಗೆ ಸುತ್ತಲೂ ಮೂರು ಮಡಿಕೆ. ವರ್ಷಕ್ಕೊಂದು ಮಡಿಕೆ ಬಿಚ್ಚಿದರೆ ಲಂಗ ಮತ್ತೆ ಪಾದ ಮುಟ್ಟುತ್ತಿತ್ತು. ಬಿಚ್ಚಿದ ಜಾಗದಲ್ಲಿ ಬಿಸಿಲು ಕಾಣದ ಹಳೆಯ ಬಣ್ಣ ಪಟ್ಟಿಯಾಗಿ ಉಳಿಯುತ್ತಿತ್ತು. ಆ ಪಟ್ಟಿಗಳನ್ನು ನೋಡಿದರೆ ಸಾಕು, ಲಂಗಕ್ಕೆ ಎಷ್ಟು ವರ್ಷ, ಅದು ಎಷ್ಟು ಅಕ್ಕಂದಿರನ್ನು ದಾಟಿ ಬಂದಿದೆ ಎಂದು ಊರಿನ ಹೆಂಗಸರು ಹೇಳುತ್ತಿದ್ದರು. ಎಳೆಗೂಸಿಗಂತೂ ಹೊಸ ಬಟ್ಟೆಯೇ ಇಲ್ಲ. ಅಜ್ಜಿಯ ಹಳೆ ಸೀರೆ, ಅಜ್ಜನ ಹಳೆ ಪಂಚೆಯ ತುಂಡು, ತಲೆಗೊಂದು ಕುಲಾವಿ. ಒಗೆದು ಒಗೆದು ಮೆತ್ತಗಾದ ಬಟ್ಟೆಯೇ ಮಗುವಿನ ಮೈಗೆ ಹಿತ.

ಎರಡನೆಯ ಮಹಾಯುದ್ಧದ ಕಾಲಕ್ಕೆ ಇಷ್ಟೂ ಕಷ್ಟವಾಯಿತು. 1943ರಲ್ಲಿ ಬಟ್ಟೆ ಮತ್ತು ನೂಲಿನ ನಿಯಂತ್ರಣದ ಆದೇಶ ಬಂತು, ಮಿಲ್ಲಿನ ಬಟ್ಟೆಯ ಮೇಲೆ ಬೆಲೆಯ ಮುದ್ರೆ ಬಿತ್ತು. ‘ಕಂಟ್ರೋಲ್ ಬಟ್ಟೆ’ ಎಂಬ ಮಾತನ್ನು ಹಿರಿಯರು ಕೊನೆಯವರೆಗೂ ನಿಟ್ಟುಸಿರಿಲ್ಲದೆ ಆಡಲಿಲ್ಲ. ನಲವತ್ತು ವರ್ಷ ಕಳೆದು, 1983ರಲ್ಲಿ ಅಧಿಕಾರಕ್ಕೆ ಬಂದ ಎನ್.ಟಿ. ರಾಮರಾವ್ ಸರ್ಕಾರ ಬಡವರಿಗೆ ಅರ್ಧ ಬೆಲೆಯ ಜನತಾ ಸೀರೆ, ಪಂಚೆ ಹಂಚಿತು. ಆ ಸೀರೆಗಳ ಮರುಜನ್ಮವೂ ಲಂಗವೇ.

ಬಟ್ಟೆ ಒಗೆತಕ್ಕೆ ಹೋದಾಗ ನಡೆಯುತ್ತಿದ್ದ ಒಂದು ಸಂಗತಿ ನನ್ನನ್ನು ಮತ್ತೆ ಬಲ್ಮಠಕ್ಕೆ ಎಳೆಯುತ್ತದೆ. ಯಾವ ಮನೆಯ ಬಟ್ಟೆ ಯಾವುದು ಎಂದು ತಿಳಿಯಲು ಮಡಿವಾಳರು ಮೂಲೆಯಲ್ಲಿ ಕರಿಗೇರಿನ ಕಾಯಿಯ ರಸದಿಂದ ಚುಕ್ಕೆ, ಗೀಟು ಹಾಕುತ್ತಿದ್ದರು. ಎಷ್ಟು ಒಗೆದರೂ ಹೋಗದ ಗುರುತು ಅದು. ಓದು ಬಾರದ ಆ ಹೆಂಗಸರು ಗಂಡಸರು ಊರಿನ ಅಷ್ಟೂ ಮನೆಗಳ ಗುರುತನ್ನು ತಲೆಯಲ್ಲಿಟ್ಟುಕೊಂಡಿದ್ದರು. ಹಾಲರ್ ಬಣ್ಣ ತೆಗೆದದ್ದು ಆ ಜಾತಿಯ ಮರದಿಂದಲೇ ಎಂದು ಮಿಷನ್ನಿನ ಬರಹಗಳು ಹೇಳುತ್ತವೆ. ಪರದೇಶದ ನೇಕಾರನಿಗೆ ಪುಸ್ತಕದಲ್ಲಿ ಒಂದು ಸಾಲಾದರೂ ಸಿಕ್ಕಿತು. ತಲೆಮಾರುಗಟ್ಟಲೆ ಆ ಮರದ ಗುಣ ಬಲ್ಲವರಾಗಿದ್ದ ಮಡಿವಾಳರಿಗೆ ಅದೂ ಇಲ್ಲ.

ಖಾಕಿ ಸರಿದು ಹೋದದ್ದು ಗದ್ದಲವಿಲ್ಲದೆ. 1941ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಟೆರಿಲಿನ್ ಅರವತ್ತರ ದಶಕದಲ್ಲಿ ನಮ್ಮ ಪೇಟೆಗಳಿಗೆ ಬಂತು, ಹಿಂದೆಯೇ ಟೆರಿಕಾಟ್. ಇಸ್ತ್ರಿ ಬೇಡ, ಬೇಗ ಒಣಗುತ್ತದೆ, ಹರಿಯುವುದಿಲ್ಲ ಎಂದು ಎಲ್ಲರೂ ಬೆರಗಾದರು. ಬೆವರು ಹೀರದ ಆ ಬಟ್ಟೆಯಲ್ಲಿ ಏಪ್ರಿಲ್ ತಿಂಗಳ ಅನಂತಪುರದ ಬಿಸಿಲನ್ನು ಮಕ್ಕಳು ಸಹಿಸಿಕೊಂಡರು. ಲಾಡಿ ಹೋಗಿ ಎಲಾಸ್ಟಿಕ್ ಬಂತು, ಟೈಲರ್ ಹೋಗಿ ಸಿದ್ಧ ಉಡುಪು ಬಂತು. ಬಿ ಅಂಡ್ ಸಿ ಮಿಲ್ಸ್ 1996ರಲ್ಲಿ ಮುಚ್ಚಿತು. 2020ರಲ್ಲಿ ಆಂಧ್ರ ಸರ್ಕಾರ ವಿದ್ಯಾ ಕಾನುಕ ಹೆಸರಿನಲ್ಲಿ ಮಗುವಿಗೆ ಮೂರು ಜೊತೆ ಸಮವಸ್ತ್ರದ ಬಟ್ಟೆ, ಬೂಟು, ಬೆಲ್ಟು ಕೊಡತೊಡಗಿತು. ಬರಿಗಾಲಲ್ಲಿ, ಒಂದೇ ಚಡ್ಡಿಯಲ್ಲಿ ವರ್ಷ ಕಳೆದ ನಮ್ಮ ತಲೆಮಾರಿಗೆ ಅದು ದೊಡ್ಡ ನೆಮ್ಮದಿ. ಹಳೆಯ ಬಡತನ ಮತ್ತೆ ಬರಲಿ ಎಂದು ಯಾರೂ ಹಾರೈಸಬಾರದು. ನನಗೆ ಸಿಟ್ಟಿರುವುದು ಬಡತನದ ಜೊತೆಗೆ ಕಸುಬನ್ನೂ ಕಸಕ್ಕೆ ಹಾಕಿದ್ದಕ್ಕೆ.

ಆ ಕಸುಬು ಬೇರೆ ರೂಪದಲ್ಲಿ ಉಳಿದಿರುವುದು ರಾಯದುರ್ಗದಲ್ಲಿ. 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿದ್ದ ರಾಯದುರ್ಗ ಇಂದಿಗೂ ಬಳ್ಳಾರಿಯ ಜೀನ್ಸ್ ವ್ಯಾಪಾರದ ಜೊತೆ ಬದುಕುತ್ತಿದೆ. ಯುದ್ಧಕಾಲದಲ್ಲಿ ಬಳ್ಳಾರಿಯ ದಂಡಿನ ಸಿಪಾಯಿಗಳಿಗೆ ಸಮವಸ್ತ್ರ ಹೊಲಿಯಲು ಬಂದ ದರ್ಜಿಗಳಿಂದಲೇ ಈ ಉದ್ಯಮ ಬೆಳೆಯಿತು ಎಂದು ಅಲ್ಲಿಯವರು ಹೇಳುತ್ತಾರೆ. ಖಾಕಿ ಹೊಲಿದ ಕೈಗಳ ಮೊಮ್ಮಕ್ಕಳು ಈಗ ನೀಲಿ ಡೆನಿಮ್ ಹೊಲಿಯುತ್ತಾರೆ, ಪೀಸಿಗಿಷ್ಟು ಎಂದು ಕೂಲಿ. ಒಬ್ಬರು ಜೇಬು, ಇನ್ನೊಬ್ಬರು ಜಿಪ್ಪು, ಮತ್ತೊಬ್ಬರು ಗುಂಡಿ. ಆ ಪ್ಯಾಂಟು ತೊಡುವ ಹುಡುಗ ಯಾರೆಂದು ಅವರಲ್ಲಿ ಯಾರಿಗೂ ಗೊತ್ತಿಲ್ಲ, ಅವನು ಮುಂದಿನ ವರ್ಷ ಎಷ್ಟು ಬೆಳೆಯುತ್ತಾನೆ ಎಂದು ಲೆಕ್ಕ ಹಾಕುವವರಿಲ್ಲ.

ಹೇಮಾವತಿಯ ಕಲ್ಲುಗಳನ್ನು ಕಾಯಲು ಪುರಾತತ್ವ ಇಲಾಖೆ ಇದೆ, ವಸ್ತುಸಂಗ್ರಹಾಲಯ ಇದೆ. ಚೋಳರು ಗೆದ್ದು ತಂಜಾವೂರು ಸೀಮೆಯ ತಿರುವೈಯಾರಿಗೆ ಸಾಗಿಸಿದ ನೊಳಂಬ ಕಂಬಗಳನ್ನು ಅಲ್ಲಿಯವರೂ ಜೋಪಾನ ಮಾಡಿದ್ದಾರೆ. ಆದರೆ ಆ ಗುಡಿಗಳ ಅಂಗಳದಲ್ಲಿ ಆಡಿದ ಮಕ್ಕಳು ತೊಟ್ಟ ಒಂದು ಚಡ್ಡಿ, ಒಂದು ಲಂಗ, ಒಂದು ಕುಲಾವಿ ಯಾವ ಗಾಜಿನ ಪೆಟ್ಟಿಗೆಯಲ್ಲೂ ಇಲ್ಲ. ಇರುವುದು ಕೌದಿಯಲ್ಲಿ ಮಾತ್ರ. ಹರಿದ ಬಟ್ಟೆಯನ್ನು ನಮ್ಮ ಅಜ್ಜಿಯರು ಎಸೆಯಲಿಲ್ಲ, ಚೌಕ ಕತ್ತರಿಸಿ ಕೌದಿಗೆ ಸೇರಿಸಿದರು. ಯಾವ ತುಂಡು ಯಾರದು, ಯಾವ ಯುಗಾದಿಯದು ಎಂದು ಅವರಿಗೆ ಗೊತ್ತು. ಅಂಥ ಅಜ್ಜಿಯರು ಪ್ರತಿ ವರ್ಷ ಕಡಿಮೆಯಾಗುತ್ತಿದ್ದಾರೆ. ಮಡಕಶಿರಾ, ಅಮರಾಪುರಂ, ರಾಯದುರ್ಗಗಳ ಕನ್ನಡ ಶಾಲೆಗಳ ಮೇಷ್ಟ್ರುಗಳು ಒಂದು ರಜೆಯಲ್ಲಿ ಮಕ್ಕಳನ್ನು ಅವರವರ ಅಜ್ಜಿಯ ಪಕ್ಕ ಕೂರಿಸಲಿ. ಕೌದಿಯ ಒಂದೊಂದು ತುಂಡಿನ ಕತೆಯನ್ನೂ, ಹೊಲಿದವರ, ಒಗೆದವರ, ತೊಟ್ಟವರ ಹೆಸರನ್ನೂ ಬರೆಸಲಿ. ಶಾಸನ ಓದುವವರಿಗೆ ಹೆಂಜೇರಿನ ಅರಸರು ಸಿಕ್ಕಿದ್ದಾರೆ. ಹೆಂಜೇರಿನ ಮಕ್ಕಳು ಸಿಗಬೇಕಾದರೆ ಈ ಕೆಲಸ ಈಗಲೇ ಆಗಬೇಕು.