ಲೋಕ: ಶಬ್ದವೂ ಆಕಾರವೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಪ್ರಾಂತದ ಬಸದಿಗಳಲ್ಲಿಯೂ ಶ್ರಾವಕರ ಮನೆಯ ಲಗ್ನಪತ್ರಿಕೆಗಳ ನೆತ್ತಿಯಲ್ಲಿಯೂ, ಅಡಿಯಲ್ಲಿ ಅಗಲವಾಗಿ, ನಡುವಿನಲ್ಲಿ ಕಿರಿದಾಗಿ, ಮತ್ತೆ ಹಿಗ್ಗಿ ತುದಿಯಲ್ಲಿ ಕುಗ್ಗಿದ ಒಂದು ರೇಖಾಕೃತಿಯನ್ನು ಕಾಣದವರು ವಿರಳ. ಮಹಾವೀರ ನಿರ್ವಾಣದ 2500ನೆಯ ವರ್ಷವನ್ನು ಆಚರಿಸಿದ 1974–75ರ ಕಾಲದಲ್ಲಿ ಜೈನ ಸಂಪ್ರದಾಯಗಳೆಲ್ಲ ಕೂಡಿ ಒಪ್ಪಿಕೊಂಡ ಚಿಹ್ನೆಯದು. ಅದರೊಳಗಿನ ಹಸ್ತವನ್ನೂ ಸ್ವಸ್ತಿಕವನ್ನೂ ಗುರುತಿಸುವ ಕಣ್ಣು, ಅವೆರಡನ್ನೂ ಒಳಗೊಂಡ ಹೊರಗೆರೆಯನ್ನು ಬರಿಯ ಚೌಕಟ್ಟೆಂದು ಭಾವಿಸಿ ಮುಂದೆ ಸಾಗುವುದುಂಟು. ಆ ಹೊರಗೆರೆಯೇ ಲೋಕ. ಇರುವುದೆಲ್ಲವೂ ಅದರೊಳಗೆ ಇದೆಯೆಂಬುದು ಅದರ ಅರ್ಥ.

ಆಚಾರ್ಯ ಶಾಂತಿಸಾಗರರ ಊರಾದ ಭೋಜ, ಆಚಾರ್ಯ ವಿದ್ಯಾನಂದರು 1925ರಲ್ಲಿ ಜನಿಸಿದ ಶೇಡಬಾಳ, ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಜನಿಸಿದ ಸದಲಗಾ, ಇವೆಲ್ಲವೂ ಈ ಸೀಮೆಯವೇ ಆದುದರಿಂದ, ಲೋಕಸ್ವರೂಪದ ವಿಚಾರವು ಇಲ್ಲಿ ಪಂಡಿತರ ಗ್ರಂಥಗಳಲ್ಲಿ ಮಾತ್ರ ಉಳಿಯದೆ ಚಾತುರ್ಮಾಸದ ಪ್ರವಚನಗಳ ಮೂಲಕ ಒಕ್ಕಲುತನದವರ ಕಿವಿಗೂ ಬಿದ್ದಿದೆ.

ಶಬ್ದದ ಮೂಲವನ್ನು ಅರಸಿದರೆ ಎರಡು ದಾರಿಗಳು ತೆರೆಯುತ್ತವೆ. ವೈಯಾಕರಣರು ನೋಡುವುದೆಂಬ ಅರ್ಥದ 'ಲೋಕೃ' ಧಾತುವಿನಿಂದ ಇದನ್ನು ಸಾಧಿಸುವರು. ಅವಲೋಕನ, ವಿಲೋಕನಗಳು ಇದೇ ಬಳ್ಳಿಯ ಕುಡಿಗಳು. ಜೈನಾಚಾರ್ಯರು ಈ ವ್ಯುತ್ಪತ್ತಿಯನ್ನೇ ಹಿಡಿದು, ಜೀವಾದಿ ದ್ರವ್ಯಗಳು ಎಲ್ಲಿ ಕಾಣಬರುವುವೋ ಅದು ಲೋಕವೆಂದರು. ಭಾಷಾಶಾಸ್ತ್ರಜ್ಞರಾದರೋ ಇನ್ನೂ ಹಿಂದಕ್ಕೆ ಹೋಗಿ, ಋಗ್ವೇದದಲ್ಲಿ ಈ ಪದಕ್ಕೆ ವಿಸ್ತಾರವಾದ ತೆರಪು, ಅಡೆತಡೆಯಿಲ್ಲದ ಎಡೆ ಎಂಬ ಅರ್ಥವಿರುವುದನ್ನು ತೋರಿಸಿ, ಹೊಲವೆಂಬ ಅರ್ಥದ ಲಿಥುವೇನಿಯಾದ 'ಲೌಕಸ್' ಶಬ್ದವನ್ನೂ ತೋಪೆಂಬ ಅರ್ಥದ ಲ್ಯಾಟಿನ್ 'ಲೂಕುಸ್' ಶಬ್ದವನ್ನೂ ಇದರ ಒಡಹುಟ್ಟುಗಳೆಂದು ಎಣಿಸುತ್ತಾರೆ. ಕಾಡಿನ ನಡುವೆ ಬೆಳಕು ಬೀಳುವ ಬಯಲು, ಬೆಳಕಿನಲ್ಲಿ ಕಾಣುವ ವಸ್ತು, ಕಾಣುವುದೆಲ್ಲದರ ನೆಲೆ: ಅರ್ಥವು ಹೀಗೆ ಬೆಳೆದಿರಬೇಕೆಂದು ನನಗೆ ತೋರುತ್ತದೆ. ಪ್ರಾಕೃತದಲ್ಲಿ ಅದು 'ಲೋಗ', 'ಲೋಯ' ಎಂದಾಯಿತು. ಹಳಗನ್ನಡದ 'ಲೋಗರು' ಎಂದರೆ ಜನರು, ಪರರು. ಇಂದಿಗೂ ನಿಪ್ಪಾಣಿಯ ಸಂತೆಯಲ್ಲಿ ಕನ್ನಡಿಗನು 'ಮಂದಿ' ಎನ್ನುವಲ್ಲಿ ಮರಾಠಿಗನು 'ಲೋಕ' ಎನ್ನುತ್ತಾನೆ.

ವಿಶ್ವಕ್ಕೆ ಬ್ರಹ್ಮಾಂಡವೆಂಬ ಹೆಸರೂ ನಮ್ಮಲ್ಲಿ ರೂಢವಾಗಿದೆ. ಅದು ಬ್ರಹ್ಮನ ಮೊಟ್ಟೆ. ಆದುದರಿಂದ ಹುಟ್ಟನ್ನೂ ಹುಟ್ಟಿಸಿದವನನ್ನೂ ಆ ಹೆಸರು ತನ್ನ ಹೊಟ್ಟೆಯಲ್ಲಿಯೇ ಇಟ್ಟುಕೊಂಡಿದೆ. ಲೋಕವೆಂಬ ಮಾತಿನಲ್ಲಿ ಅಂತಹ ಕತೆಯಿಲ್ಲ. ಜೈನ ದರ್ಶನವು ವಿಶ್ವವನ್ನು ಅನಾದಿಯೆಂದೂ ಅನಂತವೆಂದೂ, ಯಾರೂ ಸೃಜಿಸದುದೆಂದೂ ಬಗೆಯುವುದರಿಂದ ಅದಕ್ಕೆ ಈ ಶಬ್ದವೇ ಒಪ್ಪಿತು. ಕಾಲದಲ್ಲಿ ಕೊನೆಯಿಲ್ಲದ ಈ ಲೋಕಕ್ಕೆ ದೇಶದಲ್ಲಿ ಮಾತ್ರ ಎಲ್ಲೆಯುಂಟು. ಆಕಾಶವು ಎಲ್ಲೆಡೆ ಹರಡಿದೆ. ಆದರೆ ಚಲನೆಗೆ ನೆರವಾಗುವ ಧರ್ಮದ್ರವ್ಯವೂ ನಿಲುಗಡೆಗೆ ನೆರವಾಗುವ ಅಧರ್ಮದ್ರವ್ಯವೂ ಎಲ್ಲಿಯವರೆಗೆ ವ್ಯಾಪಿಸಿವೆಯೋ ಅಲ್ಲಿಗೆ ಲೋಕ ಮುಗಿಯಿತು. ಅದರಾಚೆಗೆ ಆಕಾಶವೊಂದಲ್ಲದೆ ಮತ್ತೇನೂ ಇಲ್ಲ; ಅದು ಅಲೋಕ. ಕರ್ಮವಿಮುಕ್ತನಾದ ಜೀವನು ಸಹಜವಾಗಿ ಮೇಲಕ್ಕೇರಿ ಲೋಕದ ತುದಿಯಲ್ಲಿ ನಿಲ್ಲುವುದು, ಮುಂದೆ ಸಾಗಿಸುವ ಧರ್ಮದ್ರವ್ಯವು ಅಲ್ಲಿ ಇಲ್ಲದುದರಿಂದಲೇ.

ಈ ಲೋಕದ ಅಳತೆಗಳನ್ನು ವಿಸ್ತಾರವಾಗಿ ಹೇಳುವ ಗ್ರಂಥಗಳಲ್ಲಿ ಯತಿವೃಷಭಾಚಾರ್ಯರ ಪ್ರಾಕೃತ 'ತಿಲೋಯಪಣ್ಣತ್ತಿ' ಪ್ರಮುಖವಾದುದು. ಒಂಬತ್ತು ಮಹಾಧಿಕಾರಗಳ ಆ ಗ್ರಂಥವನ್ನು ಹೀರಾಲಾಲ ಜೈನರೊಡನೆ ಸಂಪಾದಿಸಿ, ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ 1943 ಮತ್ತು 1951ರಲ್ಲಿ ಎರಡು ಭಾಗಗಳಾಗಿ ಹೊರತಂದವರು ಇದೇ ಸದಲಗಾದಲ್ಲಿ 1906ರಲ್ಲಿ ಜನಿಸಿದ ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರು. ದೂಧಗಂಗೆಯ ದಡದ ಹಳ್ಳಿಯಿಂದ ಹೊರಟು, ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಬೋಧಿಸುತ್ತ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಈ ಮಹನೀಯರ ಶ್ರಮವನ್ನು ಈ ಭಾಗದ ಕನ್ನಡಿಗರು ಇನ್ನೂ ಹೆಚ್ಚಾಗಿ ನೆನೆಯಬೇಕು.

ಅಳತೆಯ ಲೆಕ್ಕವನ್ನು ಓದುಗರು ಕಾಗದದ ಮೇಲೆ ತಾವೇ ಮಾಡಿ ನೋಡಬಹುದು. ಮಾನದ ಹೆಸರು ರಜ್ಜು, ಎಂದರೆ ಹಗ್ಗ. ಒಂದು ರಜ್ಜುವಿಗೆ ಅಸಂಖ್ಯಾತ ಯೋಜನಗಳು. ಲೋಕದ ಎತ್ತರ 14 ರಜ್ಜು. ಪೂರ್ವಪಶ್ಚಿಮದ ಅಗಲವು ಅಡಿಯಲ್ಲಿ 7. ಏಳು ರಜ್ಜು ಏರಿ ನಾವಿರುವ ಮಧ್ಯಲೋಕಕ್ಕೆ ಬಂದಾಗ 1. ಮತ್ತೆ ಮೂರೂವರೆ ರಜ್ಜು ಏರಿದಾಗ 5. ತುದಿಯಲ್ಲಿ ಪುನಃ 1. ದಕ್ಷಿಣೋತ್ತರವಾಗಿ, ದಿಗಂಬರ ಸಂಪ್ರದಾಯದಂತೆ, ಎಲ್ಲೆಡೆಯೂ 7. ಅಧೋಲೋಕದ ಸರಾಸರಿ ಅಗಲ 4 ಆದುದರಿಂದ 4×7×7, ಅಂದರೆ 196. ಊರ್ಧ್ವಲೋಕದ ಸರಾಸರಿ 3, ಆದುದರಿಂದ 3×7×7, ಅಂದರೆ 147. ಕೂಡಿದರೆ 343 ಘನರಜ್ಜು. ಇದು ಏಳರ ಘನ. ಏಳು ರಜ್ಜುವಿನ ಉದ್ದಕ್ಕೆ ಜಗಶ್ರೇಣಿಯೆಂದು ಹೆಸರಾದುದರಿಂದ, ಲೋಕವು ಜಗಶ್ರೇಣಿಯ ಘನವೆಂಬ ಆಗಮದ ಮಾತು ಇಲ್ಲಿ ತಾಳೆಯಾಗುತ್ತದೆ.

ಈ ತಾಳೆಯು ತಾನಾಗಿ ಒದಗಿದುದಲ್ಲ. ಲೋಕವು ಮೃದಂಗದಂತೆ ದುಂಡಾದುದೆಂಬ ಅಭಿಪ್ರಾಯವೂ ಪ್ರಚಲಿತವಾಗಿದ್ದಿತು. ರಾಷ್ಟ್ರಕೂಟರ ಕಾಲದಲ್ಲಿ 'ಧವಲಾ' ಟೀಕೆಯನ್ನು ರಚಿಸಿದ ವೀರಸೇನಾಚಾರ್ಯರು ಆ ದುಂಡು ಆಕಾರವನ್ನು ಹೋಳುಗಳಾಗಿ ಸೀಳಿ, ಒಂದೊಂದರ ಘನಫಲವನ್ನು ತೆಗೆದು ಕೂಡಿಸಿದಾಗ 164 ಘನರಜ್ಜುವಿಗಿಂತ ಸ್ವಲ್ಪವೇ ಹೆಚ್ಚಾಯಿತು. 343ರ ಅರ್ಧವೂ ತುಂಬಲಿಲ್ಲ. ಲೋಕವು ಜಗಶ್ರೇಣಿಯ ಘನವಾಗಬೇಕಾದರೆ ಅದರ ಅಡ್ಡಕೊಯ್ತವು ವೃತ್ತವಾಗಿರಲಾರದು, ಆಯತ ಚತುರಸ್ರವೇ ಆಗಿರಬೇಕೆಂದು ಅವರು ನಿರ್ಣಯಿಸಿ, ರೂಢಿಯ ಮೃದಂಗವನ್ನು ಲೆಕ್ಕದ ಬಲದಿಂದ ಕೈಬಿಟ್ಟರು.