ಪಿಸಿಬಿ ಕಲಿಯಲು ಯಾವ ಪುಸ್ತಕ?

ಪಿಸಿಬಿ (ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್) ವಿನ್ಯಾಸದ ಪುಸ್ತಕಗಳು ಮೂರು ಬಗೆ. ಕೆಲವು ತಂತ್ರಾಂಶ ಬಳಸುವುದನ್ನು ಕಲಿಸುತ್ತವೆ, ಕೆಲವು ಬೋರ್ಡು ತಯಾರಾಗುವ ಕ್ರಮವನ್ನು ವಿವರಿಸುತ್ತವೆ, ಉಳಿದವು ತಾಮ್ರದ ಟ್ರ್ಯಾಕಿನಲ್ಲಿ ಕರೆಂಟು ಹೇಗೆ ನಡೆದುಕೊಳ್ಳುತ್ತದೆಂದು ಹೇಳುತ್ತವೆ. ಹೊಸಬರು ಮೊದಲು ಕೈಹಾಕುವುದು ತಂತ್ರಾಂಶದ ಪುಸ್ತಕಕ್ಕೆ. ಎಲ್ಲಕ್ಕಿಂತ ಬೇಗ ಹಳತಾಗುವುದೂ ಅದೇ. ಆರ್‌ಕ್ಯಾಡ್ ತಂತ್ರಾಂಶದ ಬಗ್ಗೆ ಕ್ರೇಗ್ ಮಿಟ್ಜ್ನರ್ ಬರೆದ ದಪ್ಪ ಪುಸ್ತಕ ಶ್ರದ್ಧೆಯ ಕೆಲಸ. ಆದರೂ ಹೊಸ ಆವೃತ್ತಿಯಲ್ಲಿ ಮೆನು ಬದಲಾದರೆ ಅದರ ಎಷ್ಟೋ ಪುಟಗಳು ನಿರುಪಯುಕ್ತ. 1992ರಲ್ಲಿ ಫ್ರಾನ್ಸಿನ ಝಾನ್-ಪಿಯೆರ್ ಶರಾಸ್ ಆರಂಭಿಸಿದ ಕಿಕ್ಯಾಡ್ ತಂತ್ರಾಂಶ ಉಚಿತ, ಅದರ ಕೈಪಿಡಿಯೂ ಉಚಿತ. ಹಾಗಾಗಿ ಬಟನ್ ಒತ್ತುವುದನ್ನು ಕಲಿಯಲು ದುಡ್ಡು ಕೊಡಬೇಕಾಗಿಲ್ಲ.

ದುಡ್ಡು ಕೊಡಬೇಕಾದ ಪುಸ್ತಕಗಳಲ್ಲಿ ಒಂದು ಬೆಂಗಳೂರಿನದೇ. ಸ್ವಿಟ್ಜರ್ಲೆಂಡಿನ ನೆರವಿನಿಂದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಸಿಇಡಿಟಿ ಕೇಂದ್ರದ (ಇಂದಿನ ಎಲೆಕ್ಟ್ರಾನಿಕ್ ಸಿಸ್ಟಮ್ಸ್ ಎಂಜಿನಿಯರಿಂಗ್ ವಿಭಾಗ) ಬೋಧನೆಯ ಫಲವಾಗಿ ವಾಲ್ಟರ್ ಬೊಸ್‌ಹಾರ್ಟ್ ಅವರ ‘ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್ಸ್: ಡಿಸೈನ್ ಆ್ಯಂಡ್ ಟೆಕ್ನಾಲಜಿ’ ಬಂತು. 1983ರಲ್ಲಿ ಟಾಟಾ ಮೆಕ್‌ಗ್ರಾ-ಹಿಲ್ ಅದನ್ನು ಪ್ರಕಟಿಸಿತು. ಪಾರದರ್ಶಕ ಹಾಳೆಯ ಮೇಲೆ ಎರಡು ಪಟ್ಟು ದೊಡ್ಡದಾಗಿ ಕಪ್ಪು ಟೇಪು ಅಂಟಿಸಿ, ಫೋಟೊ ತೆಗೆದು ಅಳತೆ ಕುಗ್ಗಿಸಿ ಫಿಲ್ಮ್ ಮಾಡಿಕೊಳ್ಳುತ್ತಿದ್ದ ಕಾಲವದು. ಕಾಲುಗಳನ್ನು ರಂಧ್ರಕ್ಕೆ ತೂರಿಸುವ ಬಿಡಿಭಾಗಗಳದೇ ರಾಜ್ಯ. ಇಂದಿನ ಸಾಸಿವೆ ಗಾತ್ರದ ರೆಸಿಸ್ಟರುಗಳ ಮಾತು ಅದರಲ್ಲಿ ಹುಡುಕುವಂತಿಲ್ಲ. ಆದರೂ ಫಿಲ್ಮ್, ಸ್ಕ್ರೀನ್ ಪ್ರಿಂಟಿಂಗ್, ಪ್ಲೇಟಿಂಗ್, ಎಚ್ಚಿಂಗ್ ಒಂದರ ಹಿಂದೊಂದು ಬರುವ ಆ ಅಧ್ಯಾಯಗಳನ್ನು ಓದಿದವರಿಗೆ ಪರದೆಯ ಮೇಲಿನ ಗೆರೆ ಬರೀ ಗೆರೆಯಲ್ಲ, ಆಮ್ಲದಲ್ಲಿ ಕರಗದೆ ಉಳಿಯಬೇಕಾದ ಲೋಹ ಎಂಬುದು ಮನಸ್ಸಿಗೆ ನಾಟುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಇದು ಕಣ್ಣಿಗೆ ಬಿದ್ದರೆ ಬಿಡಬಾರದು. ಇದೇ ದಾರಿಯಲ್ಲಿ ಮುಂದೆ ಬಂದದ್ದು ಆರ್. ಎಸ್. ಖಾಂಡ್ಪುರ್ ಅವರ 2005ರ ಪುಸ್ತಕ. ಜೋಡಣೆ, ಪರೀಕ್ಷೆಗಳೂ ಅದರಲ್ಲಿವೆ. 1967ರಲ್ಲಿ ಮೊದಲು ಬಂದು ಮತ್ತೆ ಮತ್ತೆ ಪರಿಷ್ಕೃತವಾದ ಕ್ಲೈಡ್ ಕೂಂಬ್ಸ್ ಅವರ ‘ಪ್ರಿಂಟೆಡ್ ಸರ್ಕ್ಯೂಟ್ಸ್ ಹ್ಯಾಂಡ್‌ಬುಕ್’ ಗ್ರಂಥಾಲಯದಲ್ಲಿ ತೆರೆದು ನೋಡಲಿಕ್ಕೆ ಸರಿ, ಮೊದಲ ಓದಿಗಲ್ಲ.

ಅಂಗಡಿಯಲ್ಲಿ ನಿಂತು ಪುಸ್ತಕವನ್ನು ತೂಗಿ ನೋಡಲು ಒಂದು ಪುಟ ಸಾಕು: ಎಷ್ಟು ಆಂಪಿಯರಿಗೆ ಎಷ್ಟು ಅಗಲದ ಟ್ರ್ಯಾಕು ಬೇಕು ಎಂದು ತಿಳಿಸುವ ನಕ್ಷೆ. ಅದರ ಮೂಲ 1950ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್ ನಡೆಸಿದ ಅಳತೆಗಳು. ಅಲ್ಲಿಂದ ಅದು ಸೇನೆಯ ಮಾನದಂಡಕ್ಕೆ ಬಂತು, ಅಲ್ಲಿಂದ ಐಪಿಸಿ ಸಂಸ್ಥೆಯ 2221ನೇ ಮಾನದಂಡಕ್ಕೆ, ಅಲ್ಲಿಂದ ಲೆಕ್ಕವಿಲ್ಲದಷ್ಟು ಪುಸ್ತಕಗಳಿಗೆ. ಬೋರ್ಡಿನ ಹೊರಮೈಯ ಟ್ರ್ಯಾಕಿಗೆ ಒಂದು ನಕ್ಷೆ, ಒಳಪದರದ ಟ್ರ್ಯಾಕಿಗೆ ಇನ್ನೊಂದು. ಒಳಪದರದ ನಕ್ಷೆಗೆ ಅಳತೆಯ ಆಧಾರವೇ ಇರಲಿಲ್ಲ. ಒಳಗೆ ಗಾಳಿಯಾಡುವುದಿಲ್ಲ, ಹಾಗಾಗಿ ಹೆಚ್ಚು ಬಿಸಿಯಾದೀತು ಎಂದು ಊಹಿಸಿ, ಹೊರಮೈ ತಾಳುವ ಕರೆಂಟಿನ ಅರ್ಧವನ್ನೇ ಅದಕ್ಕೆ ಬರೆದರು. ಸೂತ್ರದಲ್ಲಿ ಹೊರಗಿನದಕ್ಕೆ 0.048, ಒಳಗಿನದಕ್ಕೆ 0.024 ಎಂಬ ಗುಣಾಂಕಗಳು ಕೂತದ್ದು ಹೀಗೆ. ಪರಿಣಾಮ ಸಣ್ಣದಲ್ಲ. 35 ಮೈಕ್ರಾನ್ ದಪ್ಪದ ತಾಮ್ರದಲ್ಲಿ 1 ಆಂಪಿಯರು ಹರಿದು 10 ಡಿಗ್ರಿಯಷ್ಟು ಮಾತ್ರ ಬಿಸಿ ಏರಬೇಕೆಂದರೆ ಹೊರಮೈಯಲ್ಲಿ ಸುಮಾರು 0.3 ಮಿಲಿಮೀಟರು ಅಗಲ ಸಾಕು. ಅದೇ ಸೂತ್ರ ಒಳಪದರದಲ್ಲಿ ಸುಮಾರು 0.78 ಮಿಲಿಮೀಟರು ಕೇಳುತ್ತದೆ. ಹೊಸದಾಗಿ ಅಳೆದು 2009ರಲ್ಲಿ ಹೊರತಂದ ಐಪಿಸಿ-2152 ತೋರಿಸಿದ್ದು ಇದಕ್ಕೆ ತಿರುಗುಮುರುಗು. ಬೋರ್ಡಿನ ಗಾಜುನೂಲು-ಎಪಾಕ್ಸಿ ಸ್ತಬ್ಧ ಗಾಳಿಗಿಂತ ಸುಮಾರು ಹತ್ತು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಹೀಗಾಗಿ ಒಳಪದರದ ಟ್ರ್ಯಾಕು ಸಾಮಾನ್ಯವಾಗಿ ಹೊರಗಿನದಕ್ಕಿಂತ ತಂಪಾಗಿಯೇ ಇರುತ್ತದೆ. ಹತ್ತಿರದಲ್ಲಿ ಅಗಲವಾದ ತಾಮ್ರದ ಪದರವಿದ್ದರೆ ಇನ್ನೂ ತಂಪು. ಅರ್ಧ ಶತಮಾನ ಎಂಜಿನಿಯರುಗಳು ಬೇಕಿಲ್ಲದ ತಾಮ್ರಕ್ಕೆ ಜಾಗ ಬಿಟ್ಟುಕೊಟ್ಟರು. ತಪ್ಪು ಸುರಕ್ಷತೆಯ ಕಡೆಗೇ ವಾಲಿದ್ದರಿಂದ ಬೋರ್ಡುಗಳು ಸುಡಲಿಲ್ಲ, ಸುಡದ ಕಾರಣ ಹೆಚ್ಚಿನವರು ಪ್ರಶ್ನಿಸಲಿಲ್ಲ. 2009ರ ನಂತರ ಅಚ್ಚಾಗಿಯೂ ಹಳೆಯ ನಕ್ಷೆಯನ್ನೇ ಮಾತಿಲ್ಲದೆ ಮುದ್ರಿಸಿದ ಪುಸ್ತಕವನ್ನು ಅಲ್ಲೇ ಇಟ್ಟು ಬರಬಹುದು. ಉಳಿದ ಅಧ್ಯಾಯಗಳೂ ಅಷ್ಟೇ ಎಚ್ಚರದಿಂದ ಬರೆದವು ಎಂದು ನಂಬಲು ಕಾರಣವಿಲ್ಲ.

ಮೂರನೆಯ ಬಗೆಯ ಪುಸ್ತಕಗಳಲ್ಲಿ ನೋಡಬೇಕಾದದ್ದು ವಾಪಸು ಕರೆಂಟಿನ ವಿವರಣೆ. ಹೋದ ಕರೆಂಟು ಮೂಲಕ್ಕೆ ಮರಳಲೇಬೇಕು. ಕಡಿಮೆ ಆವರ್ತನದಲ್ಲಿ ಅದು ಮುಖ್ಯವಾಗಿ ಪ್ರತಿರೋಧ ಕಡಿಮೆಯಿರುವ ದಾರಿ ಹಿಡಿಯುತ್ತದೆ. ಆವರ್ತನ ಏರಿದಂತೆ ಗ್ರೌಂಡ್ ಪದರದಲ್ಲಿ ಟ್ರ್ಯಾಕಿನ ನೇರ ಕೆಳಗೇ ಒತ್ತೊತ್ತಾಗಿ ಸಾಗುತ್ತದೆ. ಆ ಪದರದಲ್ಲಿ ಅಡ್ಡಲಾಗಿ ಸೀಳು ಬಿಟ್ಟರೆ ಕರೆಂಟು ಸುತ್ತಿ ಬರಬೇಕು, ಸುತ್ತು ದೊಡ್ಡದಾದಷ್ಟೂ ವಿದ್ಯುತ್ ಗದ್ದಲ (ನಾಯ್ಸ್) ಹೆಚ್ಚು. ಇದನ್ನು ಮನಮುಟ್ಟುವಂತೆ ಹೇಳಿದವರು ಹೊವಾರ್ಡ್ ಜಾನ್ಸನ್ ಮತ್ತು ಮಾರ್ಟಿನ್ ಗ್ರಹಾಂ. ಅವರ ‘ಹೈ-ಸ್ಪೀಡ್ ಡಿಜಿಟಲ್ ಡಿಸೈನ್’ ಬಂದದ್ದು 1993ರಲ್ಲಿ. ಹೆನ್ರಿ ಆಟ್ ಅವರ 2009ರ ಗ್ರಂಥ ಗದ್ದಲ ತಡೆಯುವುದಕ್ಕೇ ಮೀಸಲು. ಗಣಿತಕ್ಕೆ ಅಂಜುವವರಿಗೆ ಎರಿಕ್ ಬೊಗಾಟಿನ್ ಒಳ್ಳೆಯ ಮೇಷ್ಟ್ರು. ಸಿಗ್ನಲ್ ಇಂಟೆಗ್ರಿಟಿ ಕುರಿತ ಅವರ ಪುಸ್ತಕಕ್ಕೆ ಮೊದಲು, ಬ್ರೆಡ್‌ಬೋರ್ಡಿನಿಂದ ಪಿಸಿಬಿಗೆ ಕರೆದೊಯ್ಯುವ ಅವರದೇ 2021ರ ಕೈಪಿಡಿ ಓದುವುದು ಲೇಸು. ಟ್ರ್ಯಾಕನ್ನು ಲಂಬಕೋನದಲ್ಲಿ ತಿರುಗಿಸಲೇಬಾರದು ಎಂದು ಕಾರಣ ಕೊಡದೆ ಕಟ್ಟಪ್ಪಣೆ ಮಾಡುವ ಪುಸ್ತಕ ಈ ಸಾಲಿಗೆ ಸೇರದು. ಸಾಮಾನ್ಯ ವೇಗದ ಬೋರ್ಡುಗಳಲ್ಲಿ ಆ ಮೂಲೆಯಿಂದಾಗುವ ವ್ಯತ್ಯಾಸ ಗಣನೆಗೆ ಬಾರದಷ್ಟು ಸಣ್ಣದು.

ಎರಡು ಟ್ರ್ಯಾಕುಗಳ ನಡುವಿನ ಕನಿಷ್ಠ ಅಂತರ, ಕೊರೆಯಬಹುದಾದ ಅತಿ ಸಣ್ಣ ರಂಧ್ರ, ಅದರ ಸುತ್ತ ಉಳಿಯಬೇಕಾದ ತಾಮ್ರದ ಬಳೆ, ಇಂಥ ಅಂಕಿಗಳನ್ನು ಮಾತ್ರ ಯಾವ ಪುಸ್ತಕದಿಂದಲೂ ಎತ್ತಿಕೊಳ್ಳಬಾರದು. ಅವು ಒಂದೊಂದು ಕಾರ್ಖಾನೆಗೆ ಒಂದೊಂದು. ಬೋರ್ಡು ಮಾಡಿಕೊಡುವವರು ಕೊಡುವ ಪಟ್ಟಿಯನ್ನು ಲೇಔಟ್ ಶುರುಮಾಡುವ ಮುಂಚೆಯೇ ತರಿಸಿಕೊಂಡು ತಂತ್ರಾಂಶದ ನಿಯಮಗಳಿಗೆ ತುಂಬಬೇಕು.