ಕೋಡಿಗೆ ಬಾಗಿಲಿಟ್ಟ ಇಂಜಿನಿಯರು



ಸೆಪ್ಟೆಂಬರ್ 15 ಬಂತೆಂದರೆ ನಮ್ಮ ಗೋಡೆ ಪತ್ರಿಕೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪೇಟದ ಚಿತ್ರ ಇರುತ್ತದೆ. ಅದರ ಕೆಳಗೆ ಅವರು ಹುಟ್ಟಿದ್ದು, ಓದಿದ್ದು, ದಿವಾನರಾದದ್ದು, ಭಾರತರತ್ನ ಬಂದದ್ದು. ಪ್ರತಿ ವರ್ಷ ಇಷ್ಟೇ. ಹೋದ ವರ್ಷ ಬರೆದವಳು ನಾನೇ, ಆದ್ದರಿಂದ ಬೇರೆ ಯಾರನ್ನೂ ಬೈದ ಹಾಗಾಗಲಿಲ್ಲ. ಅದರಲ್ಲಿ ಒಂದು ಸಾಲು ಹೀಗಿತ್ತು: ‘ಅವರು ಸ್ವಯಂಚಾಲಿತ ಗೇಟುಗಳನ್ನು ರೂಪಿಸಿ ಪೇಟೆಂಟ್ ಪಡೆದರು.’ ಪುಸ್ತಕ ನೋಡಿ ಇಳಿಸಿದ್ದೆ. ಮನೆಯಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಿದ್ದಾಗ ಜಗಲಿ ಮೇಲೆ ಕೂತಿದ್ದ ನಮ್ಮ ತಾತ ಕೇಳಿದರು, “ತಾನಾಗೇ ತಕ್ಕೊಳ್ಳೋ ಗೇಟಾ? ಯಾರೂ ಇಲ್ದೆ? ಅದೆಂಗೆ ಮಗಾ?”

ನನಗೆ ಉತ್ತರ ಗೊತ್ತಿರಲಿಲ್ಲ. ಬರೆದವಳೇ ನಾನು, ನನಗೇ ಗೊತ್ತಿಲ್ಲ! ಆ ನಾಚಿಕೆಗೆ ಒಂದು ವರ್ಷ ಹುಡುಕಿ ಓದಿ, ಮೇಷ್ಟ್ರನ್ನು ಪೀಡಿಸಿ, ಈ ಸಲ ಆ ಒಂದು ಸಾಲಿನ ಬಗ್ಗೆಯೇ ಬರೆಯುತ್ತಿದ್ದೇನೆ.

ತಾತ ಯಾಕೆ ಕೇಳಿದರು ಅನ್ನುವುದನ್ನು ಮೊದಲು ಹೇಳಬೇಕು. ಅವರು ನಮ್ಮೂರ ಕೆರೆಯ ನೀರಗಂಟಿ ಆಗಿದ್ದರು. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವುದು, ಮಳೆಗಾಲದಲ್ಲಿ ಕೋಡಿ ಕಾಯುವುದು ಅವರ ಕೆಲಸ. ನಮ್ಮ ಕೆರೆ ಕೋಡಿಯ ಮೇಲೆ ಸಾಲಾಗಿ ನೆಟ್ಟ ಕಲ್ಲುಗಳನ್ನು ನೀವೆಲ್ಲ ನೋಡಿದ್ದೀರಿ. ಅದರ ಮೇಲೆ ಕುಪ್ಪಳಿಸುತ್ತಾ ಆಟ ಆಡಿದ್ದೇವೆ. ಅವು ಆಟಕ್ಕೆ ನೆಟ್ಟವಲ್ಲ. ಮಳೆ ಮುಗಿಯುವ ಹೊತ್ತಿಗೆ ಆ ಕಲ್ಲುಗಳ ನಡುವೆ ಹುಲ್ಲು, ಸೊಪ್ಪು, ಮಣ್ಣು ಒತ್ತಿ ಕಟ್ಟಿದರೆ ಕೆರೆಯಲ್ಲಿ ಇನ್ನೂ ಒಂದೆರಡು ಮೊಳ ನೀರು ನಿಲ್ಲುತ್ತದೆ. ಅಷ್ಟು ನೀರೆಂದರೆ ಅಚ್ಚುಕಟ್ಟಿನ ಕೊನೇ ಗದ್ದೆಗಳಿಗೂ ಒಂದು ಬೆಳೆ. ಆದರೆ ಕಟ್ಟಿದ ಮೇಲೆ ಜೋರು ಮಳೆ ಬಂದರೆ ಆ ಮಣ್ಣನ್ನು ತಕ್ಷಣ ಕಿತ್ತು ಹಾಕಬೇಕು. ಇಲ್ಲದಿದ್ದರೆ ನೀರು ಏರಿ ಮೇಲೆ ಹತ್ತುತ್ತದೆ, ಮಣ್ಣಿನ ಏರಿ ನಿಲ್ಲುವುದಿಲ್ಲ.

ನಮ್ಮಪ್ಪ ಹೈಸ್ಕೂಲಿನಲ್ಲಿದ್ದಾಗ ಹಾಗೇ ಆಯಿತು. ಮಣ್ಣು ಕಟ್ಟು ಅಂತ ಊರವರೇ ಹೇಳಿದ್ದರು. ರಾತ್ರಿ ಮೇಲಿನ ಕಾಡಿನ ಕಡೆ ಮಳೆ, ನಮ್ಮೂರಲ್ಲಿ ಹನಿ ಇಲ್ಲ. ತಾತನಿಗೆ ನೀರಿನ ಸದ್ದು ಕೇಳಿ ಎಚ್ಚರವಾಗಿ ಗುದ್ದಲಿ, ಲಾಟೀನು ಹಿಡಿದು ಓಡಿದರೆ ನಡುವಿನ ಹಳ್ಳ ತುಂಬಿ ದಾಟಲಿಕ್ಕೆ ಆಗಲಿಲ್ಲ. ಸುತ್ತಿಕೊಂಡು ಹೋಗುವಷ್ಟರಲ್ಲಿ ಏರಿ ಕಿತ್ತಿತ್ತು. ಪುಣ್ಯಕ್ಕೆ ಜೀವ ಹೋಗಲಿಲ್ಲ, ಗದ್ದೆಗಳ ಮೇಲೆ ಮರಳು ಕೂತಿತು. ‘ನೀರಗಂಟಿ ಮಲಗಿಬಿಟ್ಟ’ ಅಂದರು. ಈಗಲೂ ಬದುವಿನ ಜಗಳ ಬಂದರೆ ಆ ಮಾತು ನಮ್ಮ ಮನೆ ಬಾಗಿಲಿಗೆ ಬರುತ್ತದೆ. ಇದನ್ನು ಓದುವವರಲ್ಲಿ ಆ ಮಾತು ಆಡಿದ ಮನೆಯವರೂ ಇರಬಹುದು, ಬೇಜಾರು ಮಾಡಿಕೊಳ್ಳಬೇಡಿ. ವಿಷಯಕ್ಕೆ ಬೇಕು ಅಂತ ಬರೆದೆ.

ಈಗ ಪುಣೆಗೆ ಹೋಗೋಣ. ಸುಮಾರು 120 ವರ್ಷ ಹಿಂದಕ್ಕೆ.

ಪುಣೆ ಪಟ್ಟಣದ ಹತ್ತಿರ ಮುಠಾ ಎಂಬ ನದಿಗೆ ಖಡಕ್‌ವಾಸ್ಲಾ ಎಂಬಲ್ಲಿ ಅಣೆಕಟ್ಟು ಇದೆ. ಬ್ರಿಟಿಷರು ಅದರ ಜಲಾಶಯವನ್ನು ಲೇಕ್ ಫೈಫ್ ಎಂದು ಕರೆಯುತ್ತಿದ್ದರು. ಪುಣೆಯ ಜನಕ್ಕೆ ಕುಡಿಯುವ ನೀರು, ದಂಡಿನ ಪ್ರದೇಶಕ್ಕೆ ನೀರು, ಕಾಲುವೆಗೆ ನೀರು ಎಲ್ಲ ಅಲ್ಲಿಂದಲೇ. ಜನ ಹೆಚ್ಚಿದರು, ನೀರು ಸಾಲದಾಯಿತು. ಮಳೆಗಾಲದಲ್ಲಿ ನೋಡಿದರೆ ಅದೇ ಜಲಾಶಯದ ಕೋಡಿ ಮೇಲೆ ಆಳೆತ್ತರ ನೀರು ಹರಿದು ಸುಮ್ಮನೆ ಹೋಗುತ್ತಿತ್ತು. ಅದನ್ನು ಹಿಡಿದಿಡಬೇಕು. ಕಟ್ಟೆಯನ್ನೇ ಎತ್ತರಿಸಲು ಬಹಳ ಖರ್ಚು, ಅಲ್ಲದೆ ಕಟ್ಟೆ ಹಳೆಯದು. ಕೋಡಿ ಮೇಲೆ ಗಟ್ಟಿ ಗೋಡೆ ಕಟ್ಟಿದರೆ? ಪ್ರವಾಹ ಬಂದಾಗ ನೀರು ಆ ಗೋಡೆಯ ಮೇಲೆ ಮತ್ತೆ ಅಷ್ಟೇ ಎತ್ತರ ಏರುತ್ತದೆ, ಹಳೇ ಕಟ್ಟೆ ಅದನ್ನು ತಡೆಯಬೇಕು. ನಮ್ಮ ಕೆರೆಯ ಸಮಸ್ಯೆಯೇ ತಾನೇ ಇದು? ದೊಡ್ಡದು ಅಷ್ಟೇ.

ಆಗ ಮುಂಬಯಿ ಸರ್ಕಾರದಲ್ಲಿ ಇಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರು ಯೋಚಿಸಿದ್ದು ಹೀಗೆ. ಕೋಡಿ ಮೇಲೆ ಬೇಕಾದದ್ದು ಗೋಡೆ ಅಲ್ಲ, ಬಾಗಿಲು. ನೀರು ಬೇಕಾದಾಗ ಮುಚ್ಚಿರಬೇಕು, ಪ್ರವಾಹ ಬಂದಾಗ ತೆರೆದಿರಬೇಕು. ಆದರೆ ಉದ್ದದ ಕೋಡಿಗೆ ಸಾಲು ಸಾಲು ಬಾಗಿಲು ಬೇಕು. ಪ್ರವಾಹ ಹೇಳಿ ಕೇಳಿ ಬರುವುದಿಲ್ಲ, ರಾತ್ರಿಯೂ ಬರಬಹುದು (ತಾತ ಇಲ್ಲಿ ‘ಹೂಂ’ ಅಂದರು). ಆ ಕತ್ತಲೆಯಲ್ಲಿ, ಮಳೆಯಲ್ಲಿ, ಯಾರು ಓಡಿಹೋಗಿ ಅಷ್ಟು ಬಾಗಿಲು ತೆಗೆಯುತ್ತಾರೆ? ಹಾಗಾದರೆ ತೆಗೆಯುವ ಕೆಲಸವನ್ನು ನೀರಿಗೇ ಕೊಟ್ಟರೆ ಆಯಿತು. ಪ್ರವಾಹದ ಜೊತೆ ತಪ್ಪದೆ ಬರುವುದು ನೀರು ಒಂದೇ!

1903ರಲ್ಲಿ ಖಡಕ್‌ವಾಸ್ಲಾದಲ್ಲಿ ಆ ಗೇಟುಗಳನ್ನು ಹಾಕಿದರು. ಕಟ್ಟೆ ಎತ್ತರಿಸದೆಯೇ ಹಳೇ ಕೋಡಿ ಮಟ್ಟಕ್ಕಿಂತ ಸುಮಾರು 8 ಅಡಿ ಹೆಚ್ಚಿಗೆ ನೀರು ನಿಲ್ಲಿಸುವ ಹಾಗಾಯಿತು. ನೀರು ಗೊತ್ತಾದ ಮಟ್ಟ ಮುಟ್ಟುವವರೆಗೆ ಗೇಟು ಮುಚ್ಚಿರುತ್ತದೆ. ಮಟ್ಟ ಮೀರಿದರೆ ತಾನಾಗಿ ತೆರೆದುಕೊಳ್ಳುತ್ತದೆ. ಪ್ರವಾಹ ಇಳಿದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಕರೆಂಟಿಲ್ಲ, ಮೋಟಾರಿಲ್ಲ.

ಇದರ ಮೂಲ ತಕ್ಕಡಿ. ಒಂದು ತಟ್ಟೆಯಲ್ಲಿ ಗೇಟು, ಇನ್ನೊಂದರಲ್ಲಿ ಭಾರ. ನಡುವೆ ರಾಟೆ, ಸರಪಳಿ. ಎರಡೂ ಸರಿಸುಮಾರು ಸಮ ಇದ್ದರೆ ಎಂಥ ದೊಡ್ಡ ಗೇಟನ್ನೂ ಸ್ವಲ್ಪ ಬಲ ಅಲುಗಾಡಿಸುತ್ತದೆ. ಆ ‘ಸ್ವಲ್ಪ’ವನ್ನು ನೀರು ಹೇಗೆ ಕೊಡುತ್ತದೆ? ಬಾವಿಯಲ್ಲಿ ಬಿಂದಿಗೆ ಸೇದಿದವರಿಗೆ ಗೊತ್ತು. ನೀರಿನ ಒಳಗೆ ಇರುವವರೆಗೂ ಬಿಂದಿಗೆ ಹಗುರ, ನೀರು ಬಿಟ್ಟು ಮೇಲೆ ಬಂದ ಕೂಡಲೇ ಹಗ್ಗ ಕೈ ಎಳೆಯುತ್ತದೆ. ಎಂಟನೇ ಕ್ಲಾಸಿನವರೇ, ಆರ್ಕಿಮಿಡೀಸ್ ತತ್ವ ಅಂತ ಮುಂದೆ ಬಾಯಿಪಾಠ ಮಾಡುತ್ತೀರಲ್ಲ, ಅದು ಇದೇ.

ಇದನ್ನು ಪರೀಕ್ಷಿಸಲು ನಾನೂ ನನ್ನ ತಮ್ಮನೂ ಒಂದು ಮಾದರಿ ಮಾಡಿದೆವು. (ಇದು ನಮ್ಮ ಡಬ್ಬದ ಮಾದರಿ. ನಿಜವಾದ ಗೇಟಿನ ಒಂದೊಂದು ಭಾಗವೂ ಹೀಗೇ ಇರುತ್ತದೆ ಅಂದುಕೊಳ್ಳಬೇಡಿ.) ಲ್ಯಾಬಿನ ಸ್ಪ್ರಿಂಗ್ ತ್ರಾಸಿಗೆ ಒಂದು ಕಲ್ಲು ಕಟ್ಟಿ ತೂಗಿದೆವು, 500 ಗ್ರಾಂ. ಅದನ್ನೇ ನೀರಲ್ಲಿ ಮುಳುಗಿಸಿದಾಗ ಮುಳ್ಳು 310ರ ಹತ್ತಿರ ಬಂತು. ಒಂದು ಟಬ್ಬಿನ ಪಕ್ಕದಲ್ಲಿ ಗಾಡಿ ಕೊರೆದು 400 ಗ್ರಾಂ ತೂಗುವ ತಗಡಿನ ಗೇಟು ಇಟ್ಟೆವು. ಗೇಟು ಮೇಲಿದ್ದರೆ ದಾರಿ ಮುಚ್ಚಿರುತ್ತದೆ, ಕೆಳಗೆ ಜಾರಿದರೆ ತೆರೆಯುತ್ತದೆ. ಗೇಟಿಗೆ ದಾರ ಕಟ್ಟಿ, ಖಾಲಿ ದಾರದ ರೀಲುಗಳ ಮೇಲೆ ಹಾಯಿಸಿ, ಆಚೆ ತುದಿಗೆ ಆ ಕಲ್ಲು ಕಟ್ಟಿ ಒಂದು ಡಬ್ಬದೊಳಗೆ ಇಳಿಬಿಟ್ಟೆವು. 500 ಗ್ರಾಂ ಕಲ್ಲು 400 ಗ್ರಾಂ ಗೇಟನ್ನು ಎತ್ತಿ ಹಿಡಿಯುತ್ತದೆ, ದಾರಿ ಬಂದ್. ಟಬ್ಬಿನಲ್ಲಿ ನೀರು ಗುರುತಿನ ಮಟ್ಟಕ್ಕೆ ಬಂದಾಗ ಒಂದು ಸಣ್ಣ ಪೈಪಿನ ಮೂಲಕ ಡಬ್ಬಕ್ಕೆ ಹರಿಯುತ್ತದೆ. ಕಲ್ಲು ಮುಳುಗಿ 310 ಆಗುತ್ತದೆ. ಈಗ ಗೇಟೇ ಭಾರ, ಕೆಳಗೆ ಜಾರುತ್ತದೆ, ಪ್ರವಾಹ ಹೊರಗೆ! ಟಬ್ಬಿನ ನೀರು ಇಳಿದ ಮೇಲೆ ಪೈಪಿಗೆ ನೀರು ಬರುವುದಿಲ್ಲ. ಡಬ್ಬದ ತಳದಲ್ಲಿ ಒಂದು ಸೂಜಿ ತೂತು ಇದೆ, ಅದರಲ್ಲಿ ನೀರು ಸೋರಿಹೋಗಿ ಕಲ್ಲು ಮತ್ತೆ 500 ಆಗುತ್ತದೆ, ಗೇಟನ್ನು ಮೇಲೆಳೆಯುತ್ತದೆ.

ಬರೆಯಲು ಸುಲಭ. ಮೊದಲ ಸಲ ಗೇಟು ಅಲುಗಲೇ ಇಲ್ಲ! ನೀರು ಗೇಟನ್ನು ಗಾಡಿಗೆ ಒತ್ತಿ ಹಿಡಿದಿತ್ತು. ಮೇಣ ಉಜ್ಜಿದೆವು, ಆಗ ಅರ್ಧ ಜಾರಿ ನಿಂತಿತು. ಗಾಡಿಯನ್ನು ಉಜ್ಜುಗಾಗದದಲ್ಲಿ ಉಜ್ಜಿ ಅಗಲ ಮಾಡಿದ ಮೇಲೆ ಆರನೇ ಸಲಕ್ಕೆ ಕೆಲಸ ಮಾಡಿತು. ಟಬ್ಬಿನಲ್ಲೇ ಇಷ್ಟು ಕಷ್ಟವಾದರೆ ನಿಜವಾದ ಜಲಾಶಯದ ಒತ್ತಡದಲ್ಲಿ ಕಬ್ಬಿಣದ ಗೇಟುಗಳನ್ನು ತಾನಾಗಿ ಓಡಾಡಿಸುವುದು ಎಂಥ ಕೆಲಸ ಅಂತ ನನಗೆ ಆಗ ಗೊತ್ತಾಯಿತು.

ಇನ್ನು ಪೇಟೆಂಟ್ ಎಂದರೇನು? ಅದು ಬಹುಮಾನ ಎಂದು ನಾನು ತಿಳಿದಿದ್ದೆ, ಅಲ್ಲ. ಹೊಸದಾಗಿ ಉಪಯುಕ್ತವಾದ ಒಂದು ವಸ್ತುವನ್ನೋ ವಿಧಾನವನ್ನೋ ಕಂಡುಹಿಡಿದವರು ಅದು ಹೇಗೆ ಕೆಲಸ ಮಾಡುತ್ತದೆ ಅಂತ ಚಿತ್ರ ಸಮೇತ ಸರ್ಕಾರಕ್ಕೆ ಬರೆದುಕೊಡಬೇಕು. ಅದನ್ನು ಯಾರು ಬೇಕಾದರೂ ಓದಬಹುದು. ಬದಲಿಗೆ ಇಷ್ಟು ವರ್ಷ ಅವರ ಒಪ್ಪಿಗೆ ಇಲ್ಲದೆ ಬೇರೆಯವರು ಅದನ್ನು ಮಾಡಿ ಮಾರುವಂತಿಲ್ಲ. ಈಗ ನಮ್ಮ ದೇಶದಲ್ಲಿ ಅದು ಅರ್ಜಿ ಹಾಕಿದ ದಿನದಿಂದ 20 ವರ್ಷ. ಆಮೇಲೆ ಅದು ಎಲ್ಲರದ್ದು. ಎಲ್ಲವೂ ಹೊಸದಾಗಿರಬೇಕು ಎಂದೇನಿಲ್ಲ. ರಾಟೆ, ಸರಪಳಿ, ಭಾರ ಯಾವುದನ್ನೂ ವಿಶ್ವೇಶ್ವರಯ್ಯನವರು ಕಂಡುಹಿಡಿದದ್ದಲ್ಲ, ಜೋಡಿಸಿದ ರೀತಿ ಅವರದ್ದು. ಹಳ್ಳಿ ಕಡೆ ಔಷಧಿ ಗೊತ್ತಿದ್ದವರು ಯಾರಿಗೂ ಹೇಳದೆ ತಮ್ಮ ಜೊತೆಗೇ ಒಯ್ದುಬಿಡುತ್ತಾರಲ್ಲ, ಪೇಟೆಂಟ್ ಅದರ ಉಲ್ಟಾ. ಗೇಟಿನ ಪೇಟೆಂಟಿನಿಂದ ಬರಬಹುದಾಗಿದ್ದ ಹಣವನ್ನು ಅವರು ಬೇಡ ಎಂದರಂತೆ, ಸರ್ಕಾರದ ಸಂಬಳದಲ್ಲಿ ಇದ್ದಾಗ ಮಾಡಿದ ಕೆಲಸ ಎಂದು. ಅವರ ಬಗ್ಗೆ ಬರೆದವರು ಇದನ್ನು ಹೇಳುತ್ತಾರೆ.

ಅವರ ಉಳಿದ ಕೆಲಸ ಹೇಳಹೊರಟರೆ ಗೋಡೆ ಸಾಲದು. ಮುದ್ದೇನಹಳ್ಳಿಯ ಹುಡುಗ, ಅಪ್ಪ ಬೇಗ ತೀರಿಹೋದರು, ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಓದಿದರು. ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ 1884ರಲ್ಲಿ ಕೆಲಸಕ್ಕೆ ಸೇರಿದರು. ಈಗ ಪಾಕಿಸ್ತಾನದಲ್ಲಿರುವ ಸುಕ್ಕೂರಿಗೆ ಸಿಂಧೂ ನದಿಯ ಕೆಸರು ನೀರನ್ನು ಸೋಸಿ ಕೊಡುವ ವ್ಯವಸ್ಥೆ ಮಾಡಿದರು. 1908ರಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಮುಳುಗಿಸಿದ ಮೇಲೆ ಅಲ್ಲಿಗೆ ಹೋಗಿ, ಊರಿನ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಪ್ರವಾಹ ತಡೆಯಿರಿ ಎಂದು ಯೋಜನೆ ಕೊಟ್ಟರು. 1909ರಲ್ಲಿ ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದರು, 1912ರಿಂದ 1918ರವರೆಗೆ ದಿವಾನರು.

ಗೇಟುಗಳೂ ಅವರ ಹಿಂದೆ ಬಂದವು. ಗ್ವಾಲಿಯರಿನ ತಿಗ್ರಾ ಅಣೆಕಟ್ಟಿಗೆ ಹಾಕಿದರು. ಆಮೇಲೆ 1911ರಲ್ಲಿ ಕೆಲಸ ಶುರುವಾದ ನಮ್ಮ ಕನ್ನಂಬಾಡಿಗೂ, ಅಂದರೆ ಕೆ.ಆರ್.ಎಸ್.ಗೂ ಹಾಕಿದರು. ಶಾಲಾ ಪ್ರವಾಸದಲ್ಲಿ ನಾವು ಅಲ್ಲಿ ಹೋಗಿ ನೋಡಿದ್ದು ಕಾರಂಜಿ, ತಿಂದದ್ದು ಚುರುಮುರಿ. ಗೇಟಿನ ಕಡೆ ಯಾರೂ ತಿರುಗಿ ನೋಡಲಿಲ್ಲ, ನಾನೂ ಸೇರಿ. ಈಚಿನ ವರ್ಷಗಳಲ್ಲಿ ಅಲ್ಲಿಯ ಹಳೇ ಗೇಟುಗಳನ್ನು ತೆಗೆದು ಹೊಸವನ್ನು ಹಾಕಿದ್ದಾರೆ.

ಇನ್ನೊಂದು ವಿಷಯ ಹೇಳದಿದ್ದರೆ ಸುಳ್ಳು ಹೇಳಿದ ಹಾಗಾಗುತ್ತದೆ. 1961ರ ಜುಲೈ 12ರಂದು ಖಡಕ್‌ವಾಸ್ಲಾದ ಮೇಲೆ ಹೊಸದಾಗಿ ಕಟ್ಟುತ್ತಿದ್ದ ಪಾನ್‌ಶೆತ್ ಎಂಬ ಅಣೆಕಟ್ಟು ಒಡೆಯಿತು. ಆ ನೀರೆಲ್ಲ ಒಮ್ಮೆಗೇ ಬಂದು ಖಡಕ್‌ವಾಸ್ಲಾದ ಕಟ್ಟೆಯೂ ಒಡೆದು ಪುಣೆ ಮುಳುಗಿತು. ಅಷ್ಟು ನೀರಿಗೆ ಯಾವ ಗೇಟೂ ಸಾಲುವುದಿಲ್ಲ. ಆಗ ವಿಶ್ವೇಶ್ವರಯ್ಯನವರು ಇನ್ನೂ ಬದುಕಿದ್ದರು, ಮರುವರ್ಷ ತೀರಿಕೊಂಡರು.

ಇದನ್ನೂ ತಾತನಿಗೆ ಓದಿ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಮಾದರಿ ತೋರಿಸು ಅಂದರು. ಅಂಗಳದಲ್ಲಿ ಟಬ್ಬು ಇಟ್ಟು ನೀರು ತುಂಬಿಸಿದೆವು. ಗೇಟು ಜಾರಿತು, ನೀರು ಹೋಯಿತು, ಮತ್ತೆ ಮುಚ್ಚಿಕೊಂಡಿತು. “ಇನ್ನೊಂದ್ ಕಿತ ಮಾಡು” ಅಂದರು. ಹೀಗೆ ನಾಲ್ಕು ಸಲ ಆಯಿತು. ನಾನು ಕೇಳಿದೆ, “ಆಗ ನಮ್ಮ ಕೋಡಿಗೆ ಇಂಥದ್ದು ಇದ್ದಿದ್ರೆ ಚೆನ್ನಾಗಿತ್ತಲ್ವಾ ತಾತ?”

“ಇದ್ದಿದ್ರೆ ನಾನ್ ಯಾಕ್ ಬೇಕಾಗಿತ್ತು?” ಅಂತ ನಕ್ಕರು. ಆಮೇಲೆ ಬೆರಳಲ್ಲಿ ರೀಲನ್ನು ತಿರುಗಿಸಿ ನೋಡಿ, “ಕಬ್ಬಿಣ ಅಂದ್ರೆ ತುಕ್ಕು ಹಿಡೀತದೆ. ಎಣ್ಣೆ ಬಿಡೋಕೆ ಒಬ್ಬ ಬೇಕಾಗ್ತಿದ್ದ ಬುಡು. ಹಗಲೊತ್ತಲ್ಲಿ ಬಿಡಬೋದಿತ್ತು” ಅಂದರು.

ಮಾದರಿಯನ್ನು ಲ್ಯಾಬಿನ ಕಿಟಕಿ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇವೆ. ಶನಿವಾರ ಕೊನೇ ಪೀರಿಯಡ್ ಆದ ಮೇಲೆ ಮಾಡಿ ತೋರಿಸುತ್ತೇವೆ, ತಾತನೂ ಬರುತ್ತಾರೆ. ನೋಡಲು ಬರುವವರು ಬೋರ್‌ವೆಲ್‌ನಿಂದ ತಲಾ ಒಂದು ಬಕೆಟ್ ನೀರು ತರಬೇಕು. ದಯವಿಟ್ಟು ಕಲ್ಲನ್ನು ಯಾರೂ ಬದಲಾಯಿಸಬೇಡಿ, ತೂಕ ತಪ್ಪುತ್ತದೆ.

— 9ನೇ ತರಗತಿ ವಿದ್ಯಾರ್ಥಿನಿ